ತೆಳ್ಳನೆಯ ಕರೆಂಟು

ನಮ್ಮ ಸೋದರಮಾವನಿಗೆ ಇಡೀ ಗಜೇಂದ್ರಗಡದಲ್ಲಿ ಒಬ್ಬನೇ ಒಬ್ಬ ವೈರಿ ಇದ್ದ. ಅವನ ಹೆಸರು ವೋಲ್ಟೇಜು!

ನಗಬೇಡಿ. ಬೇರೆಯವರಿಗೆ ದಾಯಾದಿಗಳಿರುತ್ತಾರೆ, ಬದುವಿನ ಕಲ್ಲು ಸರಿಸಿದ ಪಕ್ಕದ ಹೊಲದವರಿರುತ್ತಾರೆ. ನಮ್ಮ ಮಾಮಾನಿಗೆ ಅಂಥವರು ಯಾರೂ ಇರಲಿಲ್ಲ. ಇಲಿಗೂ ಬಹುವಚನ ಹಚ್ಚಿ ಮಾತಾಡುವ ಮನುಷ್ಯ! ಕಪಾಟಿನ ಹಿಂದೆ ಸೇರಿಕೊಂಡ ಇಲಿಗೆ ಅವನು, "ಬರ್ರಿ ಹೊರಗ, ಸಾಕ ಇನ್ನ" ಎಂದದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆದರೆ ಸಂಜೆ ದೀಪ ಹಚ್ಚುವ ಹೊತ್ತಾಯಿತೋ, ಅದೇ ಮನುಷ್ಯ ಬಲ್ಬಿನ ಕೆಳಗೆ ನಿಂತು, ಕಣ್ಣು ಕಿರಿದು ಮಾಡಿ, ಜ್ವರದವನ ನಾಡಿ ಹಿಡಿದ ವೈದ್ಯನಂತೆ ತಲೆಯಾಡಿಸಿ, "ನೂರಾ ಅರವತ್ತು. ಭಾಳಂದ್ರ ನೂರಾ ಅರವತ್ತೈದು" ಎಂದು ಘೋಷಿಸುತ್ತಿದ್ದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಕರೆಂಟಿನ ಆಫೀಸಿಗೆ ಜಗಳಕ್ಕೆ ಹೊರಡುತ್ತಿದ್ದ.

ಅವನ ಬಳಿ ಅಳೆಯುವ ಯಂತ್ರವಿತ್ತೇ? ಎಲ್ಲಿಯ ಯಂತ್ರ! ಹುಬ್ಬೇ ಅವನ ಯಂತ್ರ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ರೋಣದವಳಾದ ನನಗೆ ಗಜೇಂದ್ರಗಡದ ಶಾಲೆಯಲ್ಲಿ ಟೀಚರ್ ನೌಕರಿ ಸಿಕ್ಕಿತು. ಸೋದರಮಾವನ ಮನೆ ಇರುವಾಗ ಬಾಡಿಗೆ ಮನೆ ಹಿಡಿಯುವುದುಂಟೇ? ಟ್ರಂಕು ಹೊತ್ತುಕೊಂಡು ಬಂದು ನೇಕಾರರ ಓಣಿಯ ಅವರ ಮನೆ ಸೇರಿದೆ. ಮನೆಯಲ್ಲಿ ಇಬ್ಬರೇ. ಅತ್ತೆ ಕೈಮಗ್ಗದಲ್ಲಿ ಸೀರೆ ನೇಯುವವಳು. ಮಾಮಾ ಆ ಸೀರೆಗಳನ್ನು ಅಂಗಡಿಗಳಿಗೆ ಮುಟ್ಟಿಸುವವನು. ಸೀರೆ ನೇಯಲು ದಿನಗಟ್ಟಲೆ ಬೇಕು, ಮುಟ್ಟಿಸಲು ಅರ್ಧ ತಾಸು ಸಾಕು. ಹೀಗಾಗಿ ಜಗಳಕ್ಕೆ ಅವನ ಬಳಿ ಸಮಯ ಧಾರಾಳವಾಗಿತ್ತು.

ಮನೆ ಉದ್ದಕ್ಕೆ ರೈಲಿನ ಡಬ್ಬಿಯ ಹಾಗೆ. ಮುಂದೆ ಪಡಸಾಲೆ, ಹಿಂದೆ ಅಡಿಗೆ ಮನೆ, ನಡುವಿನ ಕೋಣೆಯಲ್ಲಿ ಮಗ್ಗ. ಆ ನಡುಕೋಣೆಗೆ ಕಿಟಕಿಯೇ ಇಲ್ಲ. ಹಗಲಾಗಲಿ ಸಂಜೆಯಾಗಲಿ ಮಗ್ಗದ ಮೇಲೆ ಬಲ್ಬು ಹತ್ತಿರಲೇಬೇಕು. ನಾನು ಬಂದಾಗ ಅಲ್ಲಿ ಅರವತ್ತರ ಬಲ್ಬು ಇತ್ತು. "ಮಬ್ಬು ಕಾಣತೈತ್ರಿ" ಎಂದಳು ಅತ್ತೆ. ಮಾಮಾ ನೂರರದನ್ನು ಹಾಕಿದ. "ಇನ್ನೂ ಮಬ್ಬ ಐತಿ" ಎಂದಳು. ಎರಡು ನೂರರದನ್ನು ತಂದು ಹಾಕಿದ. ಕೋಣೆ ಕಮ್ಮಾರನ ಕುಲುಮೆಯಾಯಿತು. ಮಗ್ಗದ ಪಕ್ಕ ಸಂಡಿಗೆ ಇಟ್ಟಿದ್ದರೆ ಸಂಜೆಯೊಳಗೆ ಒಣಗುತ್ತಿದ್ದವು!

"ಬಲ್ಬಿಂದೇನೂ ತಪ್ಪಿಲ್ಲ. ವೋಲ್ಟೇಜ ಇಲ್ಲ ಅದಕ್ಕ. ಹೊಟ್ಟಿಗೆ ಹಾಕದ ಎತ್ತಿಗೆ ಬಾರಕೋಲಲೆ ಹೊಡದ್ರ ಓಡತೈತೇನು?" ಎನ್ನುತ್ತಿದ್ದ ಮಾಮಾ.

ಅವನ ಮಾತನ್ನು ತೆಗೆದುಹಾಕುವ ಹಾಗೂ ಇರಲಿಲ್ಲ. ಆಗ ನಮ್ಮ ಕಡೆ ಕರೆಂಟೆಂದರೆ ದೂರದ ಬೀಗರ ಹಾಗೆ. ಬಂದರೆ ಬಂತು, ಹೋದರೆ ಹೋಯಿತು, ಬಂದಾಗಲೂ ಮುಖ ಸಪ್ಪಗೆ. ಟ್ಯೂಬ್‌ಲೈಟು ಹತ್ತಬೇಕಾದರೆ ಮುಹೂರ್ತ ನೋಡುತ್ತಿತ್ತು.

ಒಂದು ದಿನ ಮಾಮಾ ಮಟಮಟ ಮಧ್ಯಾಹ್ನ ಕಂದೀಲು ಹಚ್ಚಿಕೊಂಡು ಕರೆಂಟಿನ ಆಫೀಸಿಗೆ ಹೋದ. ಬಾಗಿಲಲ್ಲಿ ಲೈನ್‌ಮನ್ ಹುಸೇನಸಾಬ ಕೂತಿದ್ದ. ನಮ್ಮ ಓಣಿಯವನೇ. ಮಾಮಾನ ಜಗಳ ಕೇಳಿ ಕೇಳಿ ಅವನಿಗೆ ಅದು ಊಟದ ಜೊತೆ ಉಪ್ಪಿನಕಾಯಿ ಇದ್ದಂತೆ.

"ಅಣ್ಣಾರ, ಹಗಲ ಹೊತ್ತಿನ್ಯಾಗ ಕಂದೀಲು ಯಾಕ್ರಿ?"

"ನಿಮ್ಮ ಆಫೀಸಿನ ಲೈಟಿನ್ಯಾಗ ಸಾಹೇಬರ ಮಾರಿ ಕಾಣದಿದ್ರ? ಯಾರನ್ನ ಬೈದೆ ಅನ್ನೂದರ ಗೊತ್ತಾಗಬೇಕಲ್ಲ!"

ಎಲ್ಲರೂ ನಕ್ಕರು. ನಗು ಮುಗಿಯುವುದರೊಳಗೆ ಕರೆಂಟು ಹೋಯಿತು. ಒಳಗಿನ ಕತ್ತಲೆ ಕೋಣೆಯಲ್ಲಿ ಫ್ಯೂಸಿನ ತಂತಿ ಹುಡುಕಬೇಕಿತ್ತು. ಹುಸೇನಸಾಬ ಅತ್ಯಂತ ವಿನಯದಿಂದ ಮಾಮಾನ ಕೈಯಿಂದ ಕಂದೀಲು ಇಸಿದುಕೊಂಡು ಒಳಗೆ ಹೋದ. ಬೈಯಲು ಹೋದ ಮಾಮಾ ಸಂಜೆಯ ತನಕ ಅಲ್ಲೇ ಕೂತು, ಅವರದೇ ಚಹಾ ಕುಡಿದು, ಕಂದೀಲು ವಾಪಸು ಸಿಗುವುದನ್ನು ಕಾಯ್ದು ಮನೆಗೆ ಬಂದ. "ಏನಂದ್ರು?" ಎಂದು ಅತ್ತೆ ಕೇಳಿದರೆ, "ಎಣ್ಣಿ ಮುಗಿಸಿ ಕೊಟ್ರು" ಎಂದ!

ಇಷ್ಟಾದರೆ ಸಾಕಿತ್ತು. ಆದರೆ ಮಾಮಾನ ಹುಚ್ಚು ಕರೆಂಟಿಗೆ ಮುಗಿಯದೆ ಮಗ್ಗಕ್ಕೂ ಹಬ್ಬಿತು. ಜನ್ಮದಲ್ಲಿ ಲಾಳಿ ಮುಟ್ಟದವನು ಈಗ ಅತ್ತೆಯ ಪಕ್ಕ ಕೂತು, ಬಣ್ಣದ ನೂಲಿನ ಉಂಡೆಗಳನ್ನು ಒಂದೊಂದಾಗಿ ಕೈಗಿಡುತ್ತ, ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವನ ಹಾಗೆ, "ಇದು ಕೆಂಪು! ಇದು ಕಪ್ಪು! ಇದು ಹಸರು!" ಎಂದು ಕೂಗತೊಡಗಿದ.

"ಮಾಮಾ, ಮೂವತ್ತ ವರ್ಷ ನೇದಾಕಿಗೆ ಬಣ್ಣ ಕಲಸಾಕತ್ತೀಯಲ್ಲ, ನಮ್ಮ ಸಾಲಿ ಒಂದನೆತ್ತಾ ಹುಡುಗೂರಿಗರ ಕಲಸು ಬಾ" ಎಂದೆ ನಾನು.

"ನೀ ಸುಮ್ಕಿರವಾ ಟೀಚರ! ವೋಲ್ಟೇಜ ಇಲ್ಲದಾಗ ಕೆಂಪೂ ಕಪ್ಪ ಕಾಣತೈತಿ" ಎಂದ.

ಅತ್ತೆ ಮಾತ್ರ ನಕ್ಕು, ಅವನು ಕೊಟ್ಟ ಉಂಡೆ ಇಸಿದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಊರಿನ ಕರೆಂಟಿನ ಆಫೀಸಿಗೆ ಹೊಸ ಸೆಕ್ಷನ್ ಆಫೀಸರ್ ಬಂದಳು. ವಯಸ್ಸು ಸಣ್ಣದು. ಕೈಯಲ್ಲಿ ಸದಾ ಒಂದು ನಕ್ಷೆ, ತಲೆಯ ಮೇಲೆ ಹಳದಿ ಟೊಪ್ಪಿಗೆ. ಊರವರೆಲ್ಲ ಅವಳನ್ನು ಮೇಡಂ ಎಂದರು. ಮೇಡಂ ಬಂದದ್ದೇ ತಡ, ಊರು ಹೊಸ ಸೊಸೆ ಬಂದ ಅಡಿಗೆ ಮನೆಯಂತಾಯಿತು. ಹಳೆಯದು ಹೊರಗೆ, ಹೊಸದು ಒಳಗೆ! ವಾಲಿದ ಕಂಬಗಳು ಹೋಗಿ ನೆಟ್ಟಗಿನವು ಬಂದವು. ಗಂಟು ಗಂಟಾದ ತಂತಿಗಳು ಹೋಗಿ ದಪ್ಪನೆಯವು ಬಂದವು. ಹೊಲದ ಪಂಪುಗಳ ಲೈನು ಬೇರೆ, ಮನೆಗಳ ಲೈನು ಬೇರೆ ಆಯಿತು. ನಮ್ಮ ಓಣಿಯ ತಲೆಗೇ ಒಂದು ಹೊಸ ಟ್ರಾನ್ಸ್‌ಫಾರ್ಮರ್ ಕುಳಿತಿತು. ಅದಕ್ಕೆ ಹೆಂಗಸರು ಅರಿಶಿಣ ಕುಂಕುಮ ಹಚ್ಚಲು ಹೋಗಿ ಹುಸೇನಸಾಬನಿಂದ ಬೈಸಿಕೊಂಡರು. ಮನೆಮನೆಯ ಮೀಟರು ಬದಲಾಯಿತು. ಹಳೆಯದರಲ್ಲಿ ಚಕ್ರ ತಿರುಗುವುದು ಕಾಣುತ್ತಿತ್ತು. ಹೊಸದು ಕೆಂಪು ಅಂಕಿ ತೋರಿಸುತ್ತ ಗಪ್‌ಚಿಪ್ ಕೂತಿತು.

ಓಣಿಯಲ್ಲಿ ಹಬ್ಬ! ಟ್ಯೂಬ್‌ಲೈಟುಗಳು ಬಟನ್ ಒತ್ತುವುದರೊಳಗೆ ಹತ್ತಿದವು. ನಮ್ಮ ಮಗ್ಗದ ಮೇಲಿನ ಎರಡು ನೂರರ ಬಲ್ಬಂತೂ ನೋಡಿದವರ ಕಣ್ಣಲ್ಲಿ ನೀರು ತರಿಸುವ ಹಾಗೆ ಉರಿಯಿತು. ಇನ್ನೇನು, ಮಾಮಾನ ಯುದ್ಧ ಮುಗಿಯಿತು ಎಂದುಕೊಂಡೆ.

"ಇನ್ನೂ ಮಬ್ಬ ಐತ್ರಿ" ಎಂದಳು ಅತ್ತೆ, ಲಾಳಿ ಎಸೆಯುತ್ತ.

ಮಾಮಾ ಬಲ್ಬನ್ನು ನೋಡಿದ. ಅವಳನ್ನು ನೋಡಿದ. ಚಪ್ಪಲಿ ಮೆಟ್ಟಿದ.

ಮರುದಿನ ಮೇಡಮ್ಮೇ ಮನೆಗೆ ಬಂದಳು. ಕೈಯಲ್ಲಿ ಎರಡು ತಂತಿ ಜೋತಾಡುವ ಒಂದು ಡಬ್ಬಿ. ಮಗ್ಗದ ಪಕ್ಕದ ಪ್ಲಗ್ಗಿಗೆ ಹಚ್ಚಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರಿ ಕಾಕಾ, ಎರಡು ನೂರಾ ಮೂವತ್ತು. ಭರ್ತಿ ಐತಿ!"

ನಾನಾಗಿದ್ದರೆ ಸೋಲೊಪ್ಪುತ್ತಿದ್ದೆ. ನೀವೂ ಒಪ್ಪುತ್ತಿದ್ದಿರಿ. ಮಾಮಾ?

"ನಿಮ್ಮ ಡಬ್ಬಿ ಸುಳ್ಳ ಹೇಳತೈತಿ" ಎಂದ.

"ಇಲ್ರಿ ಕಾಕಾ, ಮೊನ್ನೆ ಬಂದದ್ದು. ಹೊಚ್ಚ ಹೊಸಾದು!"

"ಅದಕ್ಕ ಮತ್ತ! ಹೊಸಾದಕ್ಕ ಅನುಭವ ಎಲ್ಲಿಂದ ಬರಬೇಕು?"

ಮೇಡಂ ಅಂದು ನಮ್ಮ ಮನೆಯಿಂದ ಹೊರಡುವಾಗ ತನ್ನ ಡಬ್ಬಿಯನ್ನು ತಾನೇ ಅನುಮಾನದಿಂದ ಎರಡು ಸಲ ಅಲ್ಲಾಡಿಸಿ ನೋಡಿದಳು.

ಇದರ ನಡುವೆ ಗುಡ್ಡದ ಮೇಲೆ ಗಾಳಿಯಂತ್ರಗಳು ಬರತೊಡಗಿದವು. ಅವುಗಳ ರೆಕ್ಕೆಗಳನ್ನು ಹೊತ್ತ ಲಾರಿಗಳು ಊರೊಳಗೆ ಬಂದ ದಿನ ನನ್ನ ತರಗತಿಯಲ್ಲಿ ಉಳಿದವಳು ನಾನೊಬ್ಬಳೇ. ಮಕ್ಕಳೆಲ್ಲ ರಸ್ತೆಯಲ್ಲಿ. ಲಾರಿಯ ಮುಂಭಾಗ ತಿರುವು ದಾಟಿ ಹೋಗಿ ಎಷ್ಟೋ ಹೊತ್ತಾದರೂ ರೆಕ್ಕೆಯ ತುದಿ ಇನ್ನೂ ಬರುತ್ತಲೇ ಇತ್ತು! ನಡುರಸ್ತೆಯಲ್ಲಿ ಟವೆಲ್ಲು ಬೀಸುತ್ತ, "ಬರ್ಲಿ, ಬರ್ಲಿ, ಎಡಕ್ಕ ತಗೋ" ಎಂದು ಲಾರಿ ಸಾಗಿಸುತ್ತಿದ್ದವನು ಯಾರು? ಹೇಳಬೇಕೇ? ಡ್ರೈವರನಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೆ ಆ ರೆಕ್ಕೆ ಖಂಡಿತ ಚಹಾದಂಗಡಿಯ ಒಳಗೆ ಹೋಗುತ್ತಿತ್ತು.

ಮನೆಗೆ ಬಂದು ಅತ್ತೆಯ ಎದುರು ಕೈ ಅಗಲಿಸಿ ವರ್ಣನೆ ಶುರು ಮಾಡಿದ. "ಒಂದೊಂದು ರೆಕ್ಕಿ ನಮ್ಮ ಓಣಿಗಿಂತ ಉದ್ದ ಐತಿ!"

"ನಿಮ್ಮ ಮಾತಿನಷ್ಟು ಉದ್ದ ಇರಲಿಕ್ಕಿಲ್ಲ ಬಿಡ್ರಿ" ಎಂದಳು ಅತ್ತೆ. "ನಾನೂ ಒಮ್ಮೆ ಹೋಗಿ ನೋಡಿ ಬರತೀನಿ."

"ಬ್ಯಾಡ ಬ್ಯಾಡ! ಲಾರಿ ಧೂಳು ಭಾಳ ಐತಿ. ಏನೂ ಕಾಣೂದಿಲ್ಲ."

ಯಂತ್ರಗಳು ನಿಂತವು. ಒಂದು ದಿನ ತಿರುಗಲೂ ತೊಡಗಿದವು. ಸಂಜೆ ಅತ್ತೆ ಎಂದಿನಂತೆ, "ಇವತ್ತ ಬೆಳಕು ಇನ್ನೂ ಮಬ್ಬಾಗೇತ್ರಿ" ಎಂದಳು. ಮಾಮಾನಿಗೆ ದಾರಿ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಹೊಸದು, ತಂತಿ ಹೊಸದು, ಮೀಟರು ಹೊಸದು. ಯಾರನ್ನು ಬೈಯಬೇಕು? ಪಡಸಾಲೆಗೆ ಬಂದು ಗುಡ್ಡದ ಕಡೆ ನೋಡುತ್ತ ನಿಂತ. ಮುಖ ಇದ್ದಕ್ಕಿದ್ದಂತೆ ಅರಳಿತು.

"ಗಾಳಿ ಕರೆಂಟು!" ಎಂದು ಕೂಗಿದ. "ಹಿಂಗ ಹೇಳು ಮತ್ತ! ಗಾಳಿ ಎಂಥಾದ್ದು? ತೆಳ್ಳಗ. ತೆಳ್ಳನ್ನ ಗಾಳಿಗೆ ಹುಟ್ಟಿದ ಕರೆಂಟು ದಪ್ಪ ಹ್ಯಾಂಗ ಇರತೈತಿ? ನೀರಿನ ಕರೆಂಟು ತೂಕ ಇರತೈತಿ. ಕಲ್ಲಿದ್ದಲ ಕರೆಂಟು ಅದಕ್ಕಿಂತ ಗಟ್ಟಿ. ಇದು ತೆಳ್ಳಗ, ನೀರ ಹಾಕಿದ ಮಜ್ಜಿಗಿ!"

ನಾನು ಟೀಚರಲ್ಲವೇ, ಸುಮ್ಮನಿರಲಾಗಲಿಲ್ಲ. "ಮಾಮಾ, ಹಂಗಿರೂದಿಲ್ಲ. ಎಲ್ಲಾ ಕೂಡಿ ಒಂದಾಗಿ ಬರತೈತಿ."

"ಅದನ್ನ ಸಾಲ್ಯಾಗ ಹೇಳು. ಪಗಾರ ಅದಕ್ಕ ಕೊಡತಾರ" ಎಂದ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಇದಕ್ಕೆ ರೆಕ್ಕೆಯೇ ಇತ್ತು! ಚಹಾದಂಗಡಿಗೆ ಹೋಯಿತು, ಅಲ್ಲಿಂದ ಕ್ಷೌರದಂಗಡಿಗೆ, ಅಲ್ಲಿಂದ ಸುತ್ತಿನ ಹಳ್ಳಿಗಳಿಗೆ. ಹೋದಲ್ಲೆಲ್ಲ ಬೆಳೆಯಿತು. ಗಾಳಿ ಕರೆಂಟು ಫ್ಯಾನಿಗೆ ಮಾತ್ರ ಬಲು ಚಲೋ, ಅದಕ್ಕೆ ತವರುಮನೆಗೆ ಬಂದ ಹಾಗಾಗುತ್ತದೆ ಎಂದು ಯಾರೋ ಸೇರಿಸಿದರು. ಮುಶಿಗೇರಿಯಿಂದ ನಾಲ್ಕು ಜನ ರೈತರು ಮೇಡಮ್ಮನ ಆಫೀಸಿಗೇ ಬಂದರು.

"ಮೇಡಂರಿ, ನಮ್ಮ ಪಂಪಿಗೆ ಗಾಳಿ ಕರೆಂಟು ಬಿಡಬ್ಯಾಡ್ರಿ. ನೀರ ಎತ್ತಾಕ ನೀರಿನ ಕರೆಂಟ ಬೇಕು. ಗಾಳೀದು ಬಿಟ್ರ ಪೈಪಿನ್ಯಾಗ ಗಾಳೀನ ಬರತೈತಿ!"

ಎಲ್ಲಕ್ಕಿಂತ ಮಜಾ ಆದದ್ದು ಗಿರಣಿಯಲ್ಲಿ. ಗಾಳಿ ಕರೆಂಟಿನಿಂದ ಬೀಸಿದ ಜೋಳದ ಹಿಟ್ಟಿನ ರೊಟ್ಟಿ ತೆಳ್ಳಗಾಗುತ್ತವೆಂದು ಸುದ್ದಿ ಹಬ್ಬಿತು. ಗಿರಣಿಯವನು ತಲೆಯ ಮೇಲೆ ಕೈ ಹೊತ್ತು ಕೂತ. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತೆಳ್ಳನೆಯ ರೊಟ್ಟಿಗಿಂತ ದೊಡ್ಡ ಬಿರುದು ಉಂಟೇ? ಗುಡ್ಡದ ಮೇಲೆ ರೆಕ್ಕೆ ಜೋರಾಗಿ ತಿರುಗಿದ ದಿನ ಗಿರಣಿಯ ಮುಂದೆ ಪುಟ್ಟಿಗಳ ಸಾಲೋ ಸಾಲು! "ಗಾಳಿ ಜೋರೈತಿ, ಲಗೂ ಬೀಸಿ ಕೊಡೋ ಅಣ್ಣಾ!"

ಮೇಡಂ ಸೋತಳು. ಕಡೆಗೆ ಊರವರನ್ನೆಲ್ಲ ಕರೆದು ಒಂದು ಸಭೆ ಮಾಡಿಯೇ ಬಿಡುವುದೆಂದು ನಮ್ಮ ಶಾಲೆಯ ದೊಡ್ಡ ಹಾಲ್ ಕೇಳಿದಳು. ಸಂಜೆ ಐದಕ್ಕೆಲ್ಲ ಹಾಲು ಕಿಕ್ಕಿರಿಯಿತು. ಮುಂದಿನ ಸಾಲಿನಲ್ಲಿ ಹೆಂಗಸರು, ಅವರ ನಡುವೆ ನಮ್ಮ ಅತ್ತೆ. ಅವಳು ಬರುವುದು ಬೇಡವೆಂದು ಮಾಮಾ ಹತ್ತು ಕಾರಣ ಹೇಳಿದ್ದ. "ಊರಿಗೆಲ್ಲ ನಿಮ್ಮ ಮಾತ ಕೇಳಸಬೇಕು, ನನಗ ಬ್ಯಾಡೇನು?" ಎಂದು ಅವಳು ನನ್ನ ಕೈ ಹಿಡಿದು ಹೊರಟೇ ಬಿಟ್ಟಿದ್ದಳು.

ಮೇಡಂ ಚೆನ್ನಾಗಿ ಹೇಳಿದಳು. "ನೋಡ್ರಿ, ಬಾವಿ ನೀರು, ಕೆರಿ ನೀರು, ಮಳಿ ನೀರು, ಎಲ್ಲಾ ಒಂದ ಟಾಕಿಗೆ ಬಿದ್ದ ಮ್ಯಾಲ ನಳದಾಗ ಬರೂದು ಬರೇ ನೀರು. ಇದು ಬಾವೀದು, ಇದು ಮಳೀದು ಅಂತ ಬ್ಯಾರೆ ಬ್ಯಾರೆ ಕೊಡಾ ತುಂಬಾಕ ಬರೂದಿಲ್ಲ. ಕರೆಂಟೂ ಹಾಂಗ."

"ನಮ್ಮ ನಳದಾಗ ಅದೂ ಬರೂದಿಲ್ರೀ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಲೆಲ್ಲ ನಗು.

ಮೇಡಮ್ಮೂ ನಕ್ಕಳು. ಮೇಜಿನ ಮೇಲೆ ಒಂದು ಹಲಗೆಗೆ ಹೋಲ್ಡರ್ ಕೂಡಿಸಿ ಎರಡು ನೂರರ ಬಲ್ಬು ಹಾಕಿದ್ದಳು. ಪಕ್ಕದಲ್ಲಿ ಅದೇ ಡಬ್ಬಿ. "ಈಗ ಗುಡ್ಡದ ಮ್ಯಾಲ ಎಲ್ಲಾ ರೆಕ್ಕಿ ತಿರಗಾಕತ್ತಾವ. ನೀವ ನೋಡಿ ಹೇಳ್ರಿ" ಎಂದು ಬಟನ್ ಒತ್ತಿದಳು. ಬಲ್ಬು ಝಗ್ಗೆಂದಿತು. ಮುಂದಿನ ಸಾಲಿನವರು ಕಣ್ಣಿಗೆ ಕೈ ಅಡ್ಡ ಹಿಡಿದರು.

"ಹ್ಯಾಂಗೈತ್ರಿ?"

"ಭಾರಿ ಐತ್ರಿ!" ಎಂದಿತು ಹಾಲು.

ಮೇಡಮ್ಮನ ಮುಖ ಬಲ್ಬಿಗಿಂತ ಹೊಳೆಯಿತು. ಗೆದ್ದವರು ಒಂದು ಹೆಜ್ಜೆ ಹೆಚ್ಚು ಇಡುತ್ತಾರೆ ನೋಡಿ, ಹಾಗೆ ಅವಳು ಅತ್ತೆಯ ಕಡೆ ತಿರುಗಿದಳು. "ಕಾಕು, ನೀವು ದಿನಾ ಮಗ್ಗದ ಮ್ಯಾಲ ಕುಂದ್ರಾವ್ರು. ಬೆಳಕಿನ ಬೆಲಿ ನಿಮಗ ಗೊತ್ತು. ನೀವ ಹೇಳ್ರಿ."

ಅತ್ತೆ ಸೆರಗು ಸರಿ ಮಾಡಿಕೊಂಡು ಬಲ್ಬಿನ ಕಡೆ ಮುಖ ಮಾಡಿದಳು. "ಸುಳ್ಳ ಹೇಳಬಾರದವಾ. ಚಿಮಣಿ ಬುಡ್ಡಿ ಹಚ್ಚಿದಂಗ ಕಾಣತೈತಿ. ಸುತ್ತ ಹೊಗಿ ಕವದಂಗ" ಎಂದಳು.

ಕಣ್ಣಿಗೆ ಕೈ ಅಡ್ಡ ಹಿಡಿದವರೆಲ್ಲ ಅವಳ ಕಡೆ ತಿರುಗಿದರು.

ನಾನು ಅತ್ತೆಯ ಪಕ್ಕದಲ್ಲೇ ಇದ್ದೆ. ಆ ಬೆಳಕಿನಲ್ಲಿ, ಅಷ್ಟು ದಿನ ಒಂದೇ ಮನೆಯಲ್ಲಿದ್ದ ನನಗೆ, ಮೊದಲ ಸಲ ಅವಳ ಕಣ್ಣಪಾಪೆ ಕಂಡಿತು. ಹಾಲಿನ ಕೆನೆ ಕಟ್ಟಿದ ಹಾಗಿತ್ತು.

ಮಾಮಾ ಗಂಡಸರ ನಡುವಿನಿಂದ ಎದ್ದು ನಿಂತ. "ಕೇಳಿದ್ರಿಲ್ಲೋ! ಚಿಮಣಿ! ನಾ ಎರಡ ವರ್ಷದಿಂದ ಹೇಳಿದ್ದು ಅದನ್ನ! ವೋಲ್ಟೇಜ ಇಲ್ಲ! ಅಕಿ ಹೇಳೂದು ಖರೇ ಐತಿ!" ದನಿ ಎಂದಿನ ಜೋರಿನದೇ. ಆದರೆ ಅವನ ಎರಡೂ ಕೈ ಎದೆಯ ಹತ್ತಿರ ಜೋಡಿಕೊಂಡಿದ್ದವು. ಊರವರತ್ತ ಒಂದು ಸುತ್ತು ತಿರುಗಿದ. ಜಗಳಕ್ಕೆ ನಿಂತ ಮನುಷ್ಯ ಯಾರಾದರೂ ಕೈ ಮುಗಿಯುತ್ತಾರೆಯೇ?

ಮೊದಲು ಎದ್ದವನು ಲೈನ್‌ಮನ್ ಹುಸೇನಸಾಬ. "ಹೌದ್ರಿ ಮೇಡಂ" ಎಂದ ಮೆಲ್ಲಗೆ. "ನನಗೂ ಚಿಮಣಿ ಹಾಂಗ ಕಾಣತೈತ್ರಿ."

"ಕಡಿಮಿ ಐತ್ರಿ, ಭಾಳ ಕಡಿಮಿ" ಎಂದ ಗಿರಣಿಯವನು, ಬೆಳಕು ತಾಳದೆ ಕಣ್ಣಿಗೆ ಅಡ್ಡ ಹಿಡಿದ ಕೈಯನ್ನು ತೆಗೆಯದೆ.

"ಹೌದು, ಹೌದು. ಎಲ್ಲೈತಿ ಬೆಳಕು!" ಎಂದಿತು, ಈಗಷ್ಟೇ ಭಾರಿ ಎಂದಿದ್ದ ಹಾಲು.

ಮೇಡಂ ಮಾಮಾನ ಮುಗಿದ ಕೈಗಳನ್ನು ನೋಡಿದಳು. ಆಮೇಲೆ ಡಬ್ಬಿಯನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದಳು. "ಹೂಂ ಕಾಕು... ವೋಲ್ಟೇಜ್ ಸ್ವಲ್ಪ ಕಡಿಮೀನ ಐತಿ."

ಅತ್ತೆ ಎದ್ದಳು. ಮುಂದೆ ಕೈ ಚಾಚಿ ಮೇಜು ಮುಟ್ಟಿ, ಬಲ್ಬಿನ ಸಮೀಪ ಮುಖ ತಂದಳು. ಎರಡೂ ಅಂಗೈ ಅದರ ಎದುರು ಹಿಡಿದಳು, ಚಳಿಗಾಲದಲ್ಲಿ ಒಲೆಯ ಮುಂದೆ ಹಿಡಿಯುವ ಹಾಗೆ.

"ಚಿಮಣಿಗೆ ಇಷ್ಟು ಕಾವು ಇರತೈತೇನ್ರಿ?" ಎಂದಳು.

"ಮನಿಗೆ ನಡೀರಿ" ಎಂದಳು ಮಾಮಾನಿಗೆ.

ಮನೆಯಲ್ಲಿ ನಡೆದ ವಿಚಾರಣೆಗೆ ನಾನೊಬ್ಬಳೇ ಸಾಕ್ಷಿ.

"ಕಣ್ಣು ಯಾರವು?"

"ನಿನ್ನವು."

"ಏನಾಗೇತಿ ಅವಕ್ಕ?"

"ಮೋತಿಬಿಂದು. ಎರಡಕ್ಕೂ ಪೊರಿ ಬಂದೈತಿ."

"ಕಣ್ಣ ತೋರಸಾಕ ಹೋದಾಗ ಡಾಕ್ಟರು ಹೇಳಿದ್ದು ಯಾರಿಗೆ?"

"ನನಗ. ಹೊರಗ ಕರದು ಹೇಳಿದ್ರು. ಆಪರೇಶನ್ ಮಾಡಸ್ರಿ ಅಂದ್ರು."

"ನನಗ ಬಂದು ಏನ ಹೇಳಿದ್ರಿ?"

"ಕಣ್ಣು ಬಂಗಾರ ಅದಾವು, ಕರೆಂಟಿಂದ ತಪ್ಪು ಅಂದೆ."

"ಮೋತಿಬಿಂದು ಬಂದದ್ದು ನನಗ. ಜಗಳ ತಗದದ್ದು ಯಾರ ಜೋಡಿ?"

"...ಕರೆಂಟಿನವರ ಜೋಡಿ."

ದೇವರಾಣೆ, ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆಗ ಮಾಮಾ ಎಲ್ಲ ಹೇಳಿದ. ಅತ್ತೆಯ ಅಕ್ಕನಿಗೆ ಬಹಳ ಹಿಂದೆ ಎಲ್ಲೋ ಕಣ್ಣಿನ ಆಪರೇಶನ್ ಆಗುವಾಗ ನಡುವೆ ಕರೆಂಟು ಹೋಯಿತಂತೆ. ಆ ಕಣ್ಣು ಮತ್ತೆ ಬರಲಿಲ್ಲ. ಕರೆಂಟು ಹೋದದ್ದಕ್ಕೇ ಕಣ್ಣು ಹೋಯಿತೋ, ಬೇರೆ ಏನೋ, ಯಾರಿಗೆ ಗೊತ್ತು? ಅತ್ತೆಯಂತೂ ಅಂದಿನಿಂದ, ಜೀವ ಹೋದರೂ ಕಣ್ಣಿಗೆ ಚಾಕು ಮುಟ್ಟಿಸುವುದಿಲ್ಲ ಎಂದು ಕೂತಿದ್ದಳು. "ಖರೇ ಹೇಳಿದ್ರ ನೀ ಮಗ್ಗದಿಂದ ಎದ್ದು ಮೂಲಿಗೆ ಕುಂದ್ರತಿದ್ದಿ" ಎಂದ ಮಾಮಾ. "ನೀ ಮೂಲಿಗೆ ಕುಂತದ್ದು ನೋಡೂ ಧೈರ್ಯ ನನಗಿಲ್ಲ. ಅದಕ್ಕ ಬೆಳಕನ್ನ ಬೈಕೊಂತ ಹೊಂಟೆ."

ಅತ್ತೆ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಮಾಮಾನಿಗೆ ಕರೆಂಟಿನವರೂ ಇಲ್ಲ, ಹೆಂಡತಿಯೂ ಇಲ್ಲ. ಜಗಳವಿಲ್ಲದ ಮಾಮಾ ಎಂದರೆ ಉಪ್ಪಿಲ್ಲದ ಸಾರು! ನಾಲ್ಕನೆಯ ದಿನ, "ಆಪರೇಶನ್ ಮಾಡಸಿಕೋ" ಎಂದು ಅವಳ ಕಾಲ ಬಳಿ ಕೂತ. ಅತ್ತೆ ಬಾಯಿ ಬಿಟ್ಟಳು.

"ನೀವಲ್ಲಾ ಹೇಳಿದಾವ್ರು, ಗಾಳಿ ಕರೆಂಟು ತೆಳ್ಳಗ ಇರತೈತಿ ಅಂತ? ಅಂಥಾ ಕರೆಂಟಿನ್ಯಾಗ ಕಣ್ಣ ಕೊಯ್ಸಿಕೊಳ್ಳಲಿ ನಾನು?"

ಎರಡು ವರ್ಷ ಬೈದದ್ದೆಲ್ಲ ಗುಡ್ಡದಿಂದ ಉರುಳಿ ಮಾಮಾನ ತಲೆಯ ಮೇಲೇ ಬಂತು! ಅಂದಿನಿಂದ ಅವನು ಕರೆಂಟಿನವರ ವಕೀಲನಾದ. "ಗಾಳಿ ಕರೆಂಟು ಅಂದ್ರ ಏನ ತಿಳದಿ? ಹೊಗಿ ಇಲ್ಲ, ಬೂದಿ ಇಲ್ಲ. ಸ್ವಚ್ಛ! ಕಣ್ಣಿಗೆ ಅಂಥಾದ್ದ ಬೇಕು."

"ತೆಳ್ಳಗ ಅಂದ್ರಿ?"

"ತೆಳ್ಳಗ ಇರೂದಕ್ಕ ಚಲೋ! ಕಣ್ಣಿನ ಪದರ ಎಷ್ಟ ತೆಳ್ಳಗ ಇರತೈತಿ? ಅಲ್ಲಿ ದಪ್ಪ ಕರೆಂಟ ತಗೊಂಡು ಏನ ಮಾಡತಿ?"

ಅತ್ತೆ ಜಗ್ಗಲಿಲ್ಲ. ಕಡೆಗೆ ಮಾಮಾ ಮೇಡಮ್ಮನ ಆಫೀಸಿಗೆ ಹೋದ. ಜಗಳಕ್ಕಲ್ಲದೆ ಬಂದ ಮಾಮಾನನ್ನು ನೋಡಿ ಆಫೀಸೇ ಗಾಬರಿಯಾಯಿತಂತೆ. ಮರುದಿನ ಮೇಡಂ ನಮ್ಮ ಮೂವರನ್ನೂ ಜೀಪಿನಲ್ಲಿ ಊರ ಹೊರಗಿನ ಹೊಸ ಕರೆಂಟಿನ ಸ್ಟೇಷನ್ನಿಗೆ ಕರೆದೊಯ್ದಳು. ತಂತಿಬೇಲಿಯ ಒಳಗೆ ದೊಡ್ಡ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು ಗುಂಯ್ ಎನ್ನುತ್ತಿದ್ದವು.

"ಇಷ್ಟ ದೊಡ್ಡ ದುಂಬಿ ಎಲ್ಲಿ ಹಿಡದ ಇಟ್ಟೀರವಾ?" ಎಂದಳು ಅತ್ತೆ, ಕಿವಿಗೊಟ್ಟು.

"ಕಾಕು, ಮೊದಲ ಕರೆಂಟು ಒಂದ ಕಡಿಂದ ಬರತಿತ್ತು. ಕೊಣ್ಣೂರ ಕಡೆ ಹೊಳಿ ಬಂದು ಕಂಬ ಬಿದ್ದರ ಇಲ್ಲಿ ಕತ್ತಲ. ಈಗ ಎರಡ ಕಡಿಂದ ಲೈನ್ ತಂದೀವಿ. ಮ್ಯಾಲ ಗುಡ್ಡದ್ದೂ ಬಂದು ಕೂಡತೈತಿ. ಒಂದ ಹೋದ್ರ ಇನ್ನೊಂದ ಹಿಡಿತೈತಿ."

"ಹಾಸಿನ್ಯಾಗ ಒಂದ ಎಳಿ ಹರದ್ರ ಸೀರಿ ಬೀಳೂದಿಲ್ಲ. ಹಾಂಗೇನು?"

"ಹಾಂಗ ನೋಡ್ರಿ!"

"ಕಣ್ಣಿನ ದವಾಖಾನಿ ಇರೂ ಗದಗಿನ್ಯಾಗೂ ಹಿಂಗ ಮಾಡ್ಯಾರೇನು?"

"ಮಾಡ್ಯಾರ್ರಿ. ದವಾಖಾನ್ಯಾಗ ಜನರೇಟರೂ ಐತಿ."

ಮಾಮಾನಿಗೆ ತಡೆಯಲಾಗಲಿಲ್ಲ. "ಅಷ್ಟಾದ್ರೂ ಸಾಲದಿದ್ರ ನಾ ಕಂದೀಲ ಹಿಡಕೊಂಡು ಬಾಜೂಕ ನಿಂದ್ರತೀನಿ!"

"ನೀವು ಹೊರಗ ನಿಂದ್ರರ್ರಿ" ಎಂದಳು ಅತ್ತೆ. "ನೀವ ಇದ್ದಲ್ಲೆ ವೋಲ್ಟೇಜ ಕಡಿಮಿ ಆಗತೈತಿ."

ಅದೇ ಒಪ್ಪಿಗೆ.

ಗದಗಿನ ದವಾಖಾನೆಯಲ್ಲಿ ಒಂದು ಕಣ್ಣಿಗೆ ಆಪರೇಶನ್ ಆಯಿತು. ಮಾಮಾ ಹೇಳಿದಂತೆ ಹೊರಗೇ ಕೂತ. ನೆತ್ತಿಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಅವನು ಅದರ ಕಡೆ ತಲೆ ಎತ್ತಲೂ ಇಲ್ಲ, ನಂಬರು ಹೇಳಲೂ ಇಲ್ಲ. ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ಒಳಗೆ ಹೋದೆ. ಮಾಮಾ ಬಾಗಿಲಿನ ಚೌಕಟ್ಟು ಹಿಡಿದು ಅಲ್ಲೇ ನಿಂತ. ಒಪ್ಪಿಸಿ ಕರೆತಂದವನು ತಾನು. ಬಿಚ್ಚಿದ ಮೇಲೆ ಏನೂ ಕಾಣದಿದ್ದರೆ? ಆ ಕಾಲುಗಳು ಹೊಸ್ತಿಲು ದಾಟಲಿಲ್ಲ.

ನರ್ಸಮ್ಮ ಪಟ್ಟಿ ತೆಗೆದು, ಹನಿ ಹಾಕಿ, "ಸಾವಕಾಶ ತಗೀರಿ" ಎಂದಳು. ಅತ್ತೆ ಕಣ್ಣು ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ನನ್ನನ್ನು ನೋಡಿದಳು. ಆಮೇಲೆ ಬಾಗಿಲಿನ ಕಡೆ ನೋಡಿದಳು.

"ಅಲ್ಲಿ ನಿಂತ ಮುದುಕಪ್ಪ ಯಾರವಾ?" ಎಂದಳು.

ನರ್ಸಮ್ಮ ಕಿಸಕ್ಕನೆ ನಕ್ಕಳು. ನಾನು ನಕ್ಕೆ. ಮಾಮಾ ನಗಲಿಲ್ಲ. ಅತ್ತೆ ಗುರುತು ಹಿಡಿದಳು. ಕೈ ಮಾಡಿ ಹತ್ತಿರ ಕರೆದಳು. ಅವನು ಬಂದು ಮಂಚದ ಅಂಚಿಗೆ ಕೂತ. ಅವಳು ಅವನ ತಲೆಗೂದಲ ಮೇಲೆ ಕೈಯಾಡಿಸಿ, ಕೆನ್ನೆ ಮುಟ್ಟಿ, ಬಹಳ ಹೊತ್ತು ನೋಡಿದಳು.

"ಯಾವಾಗ ಇಷ್ಟ ಬೆಳ್ಳಗಾದ್ರಿ?" ಎಂದಳು. "ನನಗ ಒಂದ ಮಾತ ಹೇಳಬಾರದೇನ್ರಿ?"

ಮಾಮಾ ತಲೆ ತಗ್ಗಿಸಿದ. ಅವಳು ಸೆರಗಿನ ಚುಂಗು ಎತ್ತಿಕೊಂಡಳು.

ಔಷಧದ ತಟ್ಟೆ ಹಿಡಿದು ಆ ಕಡೆ ತಿರುಗಿದ್ದ ನರ್ಸಮ್ಮ ಓರೆಗಣ್ಣಲ್ಲಿ ಸೆರಗು ಮೇಲೆದ್ದದ್ದನ್ನು ಕಂಡು ಗದರಿದಳು. "ಅಮ್ಮಾರ, ಕಣ್ಣ ಒರಸಬ್ಯಾಡ್ರಿ! ಮುಟ್ಟಬಾರದು ಅಂತ ಡಾಕ್ಟರ್ ಹೇಳಿಲ್ಲೇನು?"

"ನನ್ನ ಕಣ್ಣಲ್ಲವಾ" ಎಂದಳು ಅತ್ತೆ. "ಇವರವು."